ಕಾಗದದ ಹೂವಿಗೆ ಎಂಬತ್ತು ಸೆಂಟ್ ಮಳೆ

ನಮ್ಮ ಭಾವ ಶಿವಶಂಕರಪ್ಪನವರು ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ ಹಿಡಿಯುವುದು, ಯಾವ ಬ್ಲಾಕಿನಲ್ಲಿ ಇವತ್ತು ಯಾವ ಕೆಲಸ ಎಂದು ಹೇಳುವುದು, ಸಾಹುಕಾರರಿಗೂ ಲೈನ್ ಮನೆಯ ಆಳುಗಳಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದು, ಇದು ರೈಟರ್ ಕೆಲಸ. ಅದನ್ನು ಅಚ್ಚುಕಟ್ಟಾಗಿ ಮಾಡಿ ನಿವೃತ್ತರಾಗಿ, ಸೋಮವಾರಪೇಟೆಯಿಂದ ಶನಿವಾರಸಂತೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಬಂದು, ನನ್ನ ಮನೆಯ ಪಕ್ಕದಲ್ಲೇ ಮನೆ ಕಟ್ಟಿದರು. ನನ್ನ ಅಕ್ಕ ಸುಮಿತ್ರಮ್ಮ ಅವರ ಹೆಂಡತಿ. ಆದ್ದರಿಂದ ಅವರ ವಿಷಯದಲ್ಲಿ ನಾನು ಹೇಳುವುದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ, ಅಕ್ಕ ಒಬ್ಬಳನ್ನು ಬಿಟ್ಟು.

ಎಸ್ಟೇಟ್ ಬಿಟ್ಟು ಬಂದ ರೈಟರ್‌ಗೆ ಒಂದು ಎಸ್ಟೇಟ್ ಬೇಕಲ್ಲ. ಭಾವನಿಗಿದ್ದದ್ದು ಗೇಟಿನ ಪಕ್ಕದ ಒಂದು ಕಾಗದದ ಹೂವಿನ ಗಿಡ. ಅದನ್ನೇ ಎಸ್ಟೇಟ್ ಮಾಡಿಕೊಂಡರು.

ಕಾಫಿ ತೋಟದಲ್ಲಿ ವರ್ಷದ ಯಾವ ತಿಂಗಳು ಯಾವ ಕೆಲಸವೋ ಅದೆಲ್ಲ ಈ ಒಂದು ಗಿಡಕ್ಕೆ ಚಾಚೂ ತಪ್ಪದೆ ನಡೆಯತೊಡಗಿತು. ಊರಿನಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಮುಗಿದು ತೋಟಗಳಲ್ಲಿ ಕಸಿ, ಅಂದರೆ ಕೊಂಬೆ ಸವರುವ ಕೆಲಸ, ಶುರುವಾದರೆ ಭಾವ ಕಸಿ ಕತ್ತರಿ ಹಿಡಿದು ಗಿಡದ ಸುತ್ತ ಮೂರು ಸುತ್ತು ಬಂದು, ತುದಿಯಲ್ಲಿ ಉಗುರಿನಷ್ಟು ಕತ್ತರಿಸಿ, ಇವತ್ತಿಗೆ ಈ ಬ್ಲಾಕ್ ಸಾಕು ಎಂದು ಒಳಗೆ ಹೋಗುತ್ತಿದ್ದರು. ಮೇ ತಿಂಗಳಲ್ಲಿ ಮರಗಸಿ ಮಾಡಿ ನೆರಳು ತೆಳುಮಾಡಬೇಕು. ಗಿಡಕ್ಕೆ ನೆರಳಿನ ಮರವೇ ಇರಲಿಲ್ಲವಾದ್ದರಿಂದ ನನ್ನ ಹಿತ್ತಿಲ ಹಲಸಿನ ಕೊಂಬೆ ಕಡಿಸಿದರು. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆದರು, ಗಿಡದ ಜೊತೆಗೆ ಹಗ್ಗದ ಮೇಲಿದ್ದ ಅಕ್ಕನ ಎರಡು ಸೀರೆಯೂ ನೀಲಿಯಾದವು. ಮಳೆ ಬಿಟ್ಟ ಮೇಲೆ ಗೊಬ್ಬರ. ನನ್ನ ಮನೆಯ ಮುಂಭಾಗದ ಗೊಬ್ಬರದ ಅಂಗಡಿ ನನ್ನದೇ ಆದ್ದರಿಂದ ಅದಕ್ಕೆ ಕೊರತೆ ಇರಲಿಲ್ಲ. ಇನ್ನು ನೀರು, ದಿನವೂ ಬೆಳಿಗ್ಗೆ ಸಂಜೆ.

ಇಷ್ಟು ಉಪಚಾರ ಪಡೆದ ಗಿಡ ಸುಮ್ಮನಿರಲಿಲ್ಲ. ಗೇಟು ದಾಟಿ, ಕಾರಿಲ್ಲದ ಕಾರ್ ಶೆಡ್ಡಿನ ಶೀಟು ಹತ್ತಿ, ಅಲ್ಲಿಂದ ಕರೆಂಟಿನ ತಂತಿಗೆ ಕೈ ಚಾಚಿ ನಿಂತಿತು. ಪೋಸ್ಟ್‌ಮ್ಯಾನಿನ ಅಂಗಿ ಹರಿಯಿತು. ಎಲೆ ಅಂದರೆ ಎಲೆ, ಮುಳ್ಳು ಅಂದರೆ ಮುಳ್ಳು. ಹೂವು ಮಾತ್ರ ಒಂದೂ ಇಲ್ಲ.

ಅದೇ ಗಿಡದ ಒಂದು ಕಡ್ಡಿಯನ್ನು ನಾನು ತಂದು ಒಡೆದ ಬಕೆಟ್ಟಿನಲ್ಲಿ ಊರಿ ನನ್ನ ಗೇಟಿನ ಹತ್ತಿರ ಇಟ್ಟಿದ್ದೆ. ಅದಕ್ಕೆ ನೀರು ಹಾಕುವುದು ನನಗೆ ನೆನಪಾಗುವುದೇ ಇಲ್ಲ. ಅದು ಎಲೆ ಕಾಣದ ಹಾಗೆ ಹೂ ಬಿಟ್ಟು ನಿಂತಿತ್ತು. ಭಾವ ಅದನ್ನು ನೋಡಿ, "ಅದು ಹೂವಲ್ಲ ಕಣಯ್ಯ, ರೋಗ" ಎಂದು ಹೇಳಿ ಹೋದರು.

ವಿಷಯ ಇಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ಫೆಬ್ರವರಿ ಕೊನೆಯಲ್ಲಿ ನಾಗಾರ್ಜುನನ ಮನೆಯ ಗೃಹಪ್ರವೇಶ ಬಂತು. ನಾಗಾರ್ಜುನ ನಮ್ಮ ರಸ್ತೆಯ ತಿರುವಿನಾಚೆ ರೊಬಸ್ಟಾ ತೋಟ ಇಟ್ಟುಕೊಂಡಿರುವ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದೆ, ನಮ್ಮಲ್ಲಿ ಅಪ್ಪ ಬದುಕಿರುವವರೆಗೂ ಹುಡುಗನೇ. ಊಟಕ್ಕೆ ಕೂತಿದ್ದಾಗ ಹೋಳಿಗೆ ಬಡಿಸುತ್ತಾ ಬಂದವನು ಸುಮ್ಮನೆ ಹೋಗಲಿಲ್ಲ.

"ರೈಟ್ರೇ, ನಿಮ್ ಗೇಟಿನ ಬೇಲಿ ಚೆನ್ನಾಗ್ ಬಂದಿದೆ. ದನ ಒಂದೂ ನುಗ್ಗಲ್ಲ."

"ಅದು ಬೇಲಿ ಅಲ್ಲಪ್ಪ. ಹೂವಿನ ಗಿಡ."

"ಹೌದಾ? ಹೂವು ಬಿಟ್ಟಾಗ ಒಂದ್ಸಲ ಹೇಳಿ ಕಳ್ಸಿ."

ಪಂಕ್ತಿಯಲ್ಲಿ ನಗು ಎದ್ದಿತು. ಭಾವ ಹೋಳಿಗೆ ಅಲ್ಲೇ ಬಿಟ್ಟು ನೆಟ್ಟಗೆ ಕೂತರು. "ನೋಡು ನಾಗಾರ್ಜುನ, ಕೊಡಗಿನ ಮಣ್ಣಲ್ಲಿ ಹೂಮಳೆ ಬೀಳದೆ ಯಾವ ಗಿಡವೂ ಹೂ ಬಿಡಲ್ಲ. ಕಾಫಿಗೆ ಒಂದು ನ್ಯಾಯ, ಇದಕ್ಕೊಂದು ನ್ಯಾಯ ಇಲ್ಲ. ಒಂದು ಒಳ್ಳೆ ಹೂಮಳೆ ಬೀಳಲಿ. ಈ ವರ್ಷ ನನ್ನ ಗಿಡ ಹೂ ಬಿಡಲಿಲ್ಲ ಅಂದ್ರೆ ನನ್ನನ್ನ ಊರಲ್ಲಿ ಯಾರೂ ರೈಟರ್ ಅಂತ ಕರೀಬೇಡಿ."

"ಆಗ್ಲಿ, ಎಲ್ರೂ ಕೇಳಿಸ್ಕೊಂಡಿದ್ದೀವಿ" ಎಂದು ನಾಗಾರ್ಜುನ ಮುಂದಿನ ಎಲೆಗೆ ಹೋದ.

ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಭಾವನಿಗೆ ಮಕ್ಕಳಿಲ್ಲ, ಹೇಳಿಕೊಳ್ಳುವಂಥ ಆಸ್ತಿಯಿಲ್ಲ. ಊರಿನಲ್ಲಿ ಅವರಿಗಿದ್ದದ್ದು ಆ ಒಂದು ಹೆಸರು. ಅದನ್ನು ಒಂದು ಹೋಳಿಗೆಯ ಎದುರು ಪಣಕ್ಕಿಟ್ಟು ಎದ್ದು ಬಂದಿದ್ದರು. ದಾರಿಯುದ್ದಕ್ಕೂ ಅಕ್ಕ ಬೈದಳು, ಅವರು ಆಕಾಶ ನೋಡಿಕೊಂಡು ನಡೆದರು.

ಆಕಾಶದಲ್ಲಿ ಏನೂ ಇರಲಿಲ್ಲ. ಮಾರ್ಚ್ ಬಂತು, ಮೋಡ ಬರಲಿಲ್ಲ. ನಮ್ಮ ಕಡೆ ಆ ತಿಂಗಳಲ್ಲಿ ಮನುಷ್ಯರು ಮನುಷ್ಯರ ಹಾಗಿರುವುದಿಲ್ಲ. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ, ಒಂದು ಮಳೆ ಬಿದ್ದರೆ ಹೂವು, ಬೀಳದಿದ್ದರೆ ಸೌದೆ. ಸಾವಿನ ಮನೆಗೆ ಹೋದರೂ ಮೊದಲು ಕೇಳುವುದು ನಿಮ್ಮ ಕಡೆ ಮಳೆ ಎಷ್ಟಾಯಿತು ಅಂತಲೇ. ಅದೂ ಇಂಚು, ಸೆಂಟಿನ ಲೆಕ್ಕದಲ್ಲಿ, ನೂರು ಸೆಂಟಿಗೆ ಒಂದು ಇಂಚು. ಮಳೆ ಅಳೆಯುವ ಡಬ್ಬಿ ಪ್ರತಿ ಮನೆಯಲ್ಲೂ ಇದ್ದರೂ ಎಲ್ಲರೂ ನಂಬುತ್ತಿದ್ದದ್ದು ಭಾವನ ಡಬ್ಬಿಯನ್ನು. ಉಳಿದವರು ತಮ್ಮ ತೋಟದ ಮೇಲಿನ ಪ್ರೀತಿಗೆ ಐದೋ ಹತ್ತೋ ಸೆಂಟ್ ಸೇರಿಸಿ ಹೇಳುತ್ತಾರೆ. ಭಾವ ಜೀವಮಾನದಲ್ಲಿ ಒಂದು ಸೆಂಟ್ ಹೆಚ್ಚು ಹೇಳಿದವರಲ್ಲ.

ಅಷ್ಟರಲ್ಲಿ ಪಂಚಾಯಿತಿಯ ಆಟೋ ಮೈಕ್ ಕಟ್ಟಿಕೊಂಡು ಬಂತು. ನಲ್ಲಿ ನೀರು ಕುಡಿಯುವುದಕ್ಕೆ ಮಾತ್ರ, ತೋಟಕ್ಕೆ ಗಿಡಕ್ಕೆ ಬಿಟ್ಟವರ ಸಂಪರ್ಕ ಕಡಿತ ಎಂದು ಕೂಗಿತು. ಭಾವ ಗೇಟಿನಲ್ಲಿ ನಿಂತು ಪೂರ್ತಿ ಕೇಳಿ, "ಸರಿಯಾದ ತೀರ್ಮಾನ. ಜನಕ್ಕೆ ಶಿಸ್ತು ಬೇಕು" ಎಂದು ನನಗೆ ಹೇಳಿದರು. ಹೇಳಿ ಒಳಗೆ ಹೋಗಿ ಸಂಪಿನ ಮುಚ್ಚಳ ತೆಗೆದು ನೀರೆಷ್ಟಿದೆ ಎಂದು ಕೋಲು ಇಳಿಸಿ ನೋಡಿದರು.

ಕೆಲವು ದಿನ ಅಕ್ಕ ಅರ್ಧ ಬಕೆಟ್ಟಿನಲ್ಲಿ ಸಂಸಾರ ಮಾಡಿದಳು. ಸಂಪು ತುಂಬಿತು. ಒಂದು ಸಂಜೆ ಭಾವ ಮೋಟಾರು ಹಾಕಿ, ಪೈಪ್ ಹಿಡಿದು, ಕಾರ್ ಶೆಡ್ಡಿಗೆ ಏಣಿ ಇಟ್ಟು ಹತ್ತಿದರು. ನಾನು ಕೆಳಗಿನಿಂದ, "ಭಾವ, ಬುಡಕ್ಕೆ ಬಿಟ್ರೆ ಸಾಲ್ದಾ?" ಎಂದೆ.

"ಬುಡಕ್ಕೆ ಹಾಕಿದ್ರೆ ಅದು ನೀರು. ಮೇಲಿಂದ ಬಿದ್ರೆ ಮಳೆ" ಎಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಆಕಾಶಕ್ಕೆ ಹಿಡಿದರು. ನೀರು ಮೇಲೆ ಹೋಗಿ, ಅಗಲವಾಗಿ ಹರಡಿ, ಗಿಡದ ಮೇಲೂ ಶೀಟಿನ ಮೇಲೂ ನನ್ನ ಮೇಲೂ ರಸ್ತೆಯ ಮೇಲೂ ಧಾರಾಳವಾಗಿ ಬಿತ್ತು. ಶೀಟಿನ ಸದ್ದು ಕೇಳಿ ಅಕ್ಕ ಓಡಿ ಬಂದು ಹಗ್ಗದ ಮೇಲಿನ ಬಟ್ಟೆ ತೆಗೆದಳು. ಬಿಸಿ ಮಣ್ಣಿನಿಂದ ಆ ವಾಸನೆ ಎದ್ದಿತು. ನಿಜ ಹೇಳುತ್ತೇನೆ, ಅರ್ಧ ಗಳಿಗೆ ನನಗೂ ಸಂತೋಷವಾಯಿತು.

ತಿರುವಿನಲ್ಲಿ ಜೀಪಿನ ಸದ್ದಾಯಿತು. ಭಾವ ಈ ವಯಸ್ಸಿನಲ್ಲಿ ಆ ಏಣಿಯನ್ನು ಇಳಿದ ರೀತಿಯನ್ನು ನಾನು ವರ್ಣಿಸಲಾರೆ. ಪೈಪನ್ನು ಎಳೆದರು, ಅದು ಮುಳ್ಳಿನಲ್ಲಿ ಸಿಕ್ಕಿಕೊಂಡಿತು, ಬಿಟ್ಟರು, ಮೋಟಾರು ಆರಿಸಿದರು, ಒಳಗೆ ಹೋಗಿ ಪೇಪರ್ ಹಿಡಿದು ಕೂತರು. ನಾನು ಒದ್ದೆಯಾಗಿ ಅಲ್ಲೇ ನಿಂತಿದ್ದೆ.

ಜೀಪು ನಾಗಾರ್ಜುನನದು. ಗೇಟಿನೆದುರು ಬಂದವನೇ ಗಕ್ಕನೆ ನಿಲ್ಲಿಸಿದ. ಒದ್ದೆ ರಸ್ತೆ ನೋಡಿದ. ಶೀಟಿನಿಂದ ತೊಟ್ಟಿಕ್ಕುತ್ತಿದ್ದ ನೀರು ನೋಡಿದ. ಕೊನೆಗೆ ಒದ್ದೆ ಅಂಗಿಯ ನನ್ನನ್ನು ನೋಡಿ, "ಬಂತಾ ಅಣ್ಣಾ?" ಎಂದ. ಗಂಡಸರು ಹೆರಿಗೆ ಆಸ್ಪತ್ರೆಯಲ್ಲಿ ಕೇಳುವ ದನಿ ಅದು. ನಾನು ಬಾಯಿ ತೆರೆಯುವ ಮೊದಲೇ ಅವನು ಫೋನ್ ತೆಗೆದು, ಇಡೀ ಹೋಬಳಿಯ ಕಾಫಿಯವರಿರುವ ವಾಟ್ಸಾಪ್ ಗ್ರೂಪಿಗೆ ಹೇಳಿ ಆಗಿತ್ತು. "ರೈಟರ್ ಮನೆ ಹತ್ರ ಮಳೆ. ಭರ್ಜರಿ. ನಾನೇ ಕಣ್ಣಾರೆ ನೋಡ್ತಿದ್ದೀನಿ."

ಐದು ನಿಮಿಷದಲ್ಲಿ ಭಾವನ ಫೋನ್ ಕೂಗಿತು, ಗ್ರೂಪಿನವರೊಬ್ಬರು.

"ರೈಟ್ರೇ, ಎಷ್ಟು ಸೆಂಟ್?"

ಇಲ್ಲಿ ನಾನು ಭಾವನ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಸುಳ್ಳು ಹೇಳಲಿಲ್ಲ. ಟಾರ್ಚ್ ಹಿಡಿದು ಅಂಗಳಕ್ಕೆ ಹೋದರು. ಮಳೆ ಡಬ್ಬಿ ಗಿಡದ ಪಕ್ಕದಲ್ಲೇ ಇತ್ತು, ಅದರಲ್ಲಿ ನೀರೂ ಇತ್ತು. ಕನ್ನಡಕ ಏರಿಸಿ, ಬಗ್ಗಿ, ಗೆರೆ ನೋಡಿ, ಫೋನಿಗೆ ಹೇಳಿದರು. "ಎಂಬತ್ತು ಸೆಂಟ್."

"ಎಂಬತ್ತಾ! ಬರೀ ಅರ್ಧ ಗಂಟೇಲಿ!"

"ಎಂಬತ್ತು. ಎಂಬತ್ತೊಂದೂ ಅಲ್ಲ, ಎಪ್ಪತ್ತೊಂಬತ್ತೂ ಅಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ಹೇಳಿದಳು. "ಅದು ಪೈಪಲ್ಲಿ ಬಿಟ್ಟಿದ್ದು ಅಂತ ಹೇಳಿಬಿಡಿ. ಈಗ್ಲೇ ಹೇಳಿದ್ರೆ ನಗ್ತಾರೆ. ನಾಳೆ ಹೇಳಿದ್ರೆ ಹೊಡೀತಾರೆ."

"ಮಳೆ ಬಂತಾ ಅಂತ ನನ್ನನ್ನ ಯಾರಾದ್ರೂ ಕೇಳಿದ್ರಾ? ಎಷ್ಟು ಸೆಂಟ್ ಅಂತ ಕೇಳಿದ್ರು. ಇದ್ದಷ್ಟು ಹೇಳಿದೆ" ಎಂದು ಭಾವ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ನಿವೃತ್ತರಾದ ಮೇಲೆ ಒಂದೇ ಸಂಜೆಗೆ ಅಷ್ಟೊಂದು ಫೋನ್ ಅವರಿಗೆ ಬಂದೇ ಇರಲಿಲ್ಲ. ಅವರ ಮುಖ ನೋಡಿದರೆ ಬೈಯುವುದಕ್ಕೂ ಮನಸ್ಸಾಗುತ್ತಿರಲಿಲ್ಲ.

ಮಾರನೆಯ ದಿನ ನನ್ನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಜನ ನಿಂತಿದ್ದರು. ರೈಟರ್ ಮನೆಯ ತನಕ ಬಂದ ಮಳೆ ತಮ್ಮ ತೋಟಕ್ಕೆ ಇವತ್ತು ಬಂದೇ ಬರುತ್ತದೆ, ಗೊಬ್ಬರ ಮನೆಯಲ್ಲಿರಲಿ ಎಂಬ ಲೆಕ್ಕ. ಎಲ್ಲರ ಬಾಯಲ್ಲೂ ಆ ಮೋಡದ ಮಾತೇ. ಅದು ಪುಷ್ಪಗಿರಿ ಕಡೆಯಿಂದ ಬಂತು ಎಂದು ಒಬ್ಬರು ಹೇಳಿದರು. ಅಲ್ಲ, ಹಾಸನದ ಕಡೆಯಿಂದ, ನಾನು ಗುಡುಗು ಕೇಳಿದೆ ಎಂದು ಇನ್ನೊಬ್ಬರು. ಅಂಚೆ ಕಚೇರಿಯ ಪೂವಯ್ಯನವರು ಮಿಂಚನ್ನೂ ನೋಡಿದ್ದರು. ನಾನು ಗೊಬ್ಬರದ ಮೂಟೆ ಎಣಿಸಿಕೊಟ್ಟು ಸುಮ್ಮನಿದ್ದೆ. ವ್ಯಾಪಾರದ ಹೊತ್ತಿನಲ್ಲಿ ಹವಾಮಾನದ ವಾದ ಮಾಡಬಾರದು.

ನಾಗಾರ್ಜುನನ ಮನೆಯಲ್ಲಿ ಬೇರೆಯೇ ಕಥೆ. ಅವನ ಹೆಂಡತಿ, "ತಿರುವಿನ ತನಕ ಬಂದ ಮಳೆ ನಮ್ಮ ಗೇಟಿಗೆ ಬಂದು ಯಾಕೆ ವಾಪಸ್ ಹೋಯ್ತು? ನೀವು ಏನೋ ಮಾಡಿದ್ದೀರಿ" ಎಂದು ಅವನನ್ನು ಹಿಡಿದುಕೊಂಡಿದ್ದಳು. ಅವನ ತೋಟದಲ್ಲಿ ಹಿಂದಿನ ದಿನವಷ್ಟೇ ಸ್ಪ್ರಿಂಕ್ಲರ್ ಪೈಪುಗಳನ್ನು ಜೋಡಿಸಿದ್ದರು. ಹೇಗೂ ಮಳೆ ಬಾಗಿಲಿಗೆ ಬಂದಿದೆಯಲ್ಲ ಎಂದು ಅವನು ಅದನ್ನೆಲ್ಲ ಬಿಚ್ಚಿಸಿ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೋಡ ಕಾಯುತ್ತಾ ಕೂತ. ಕೊಡ್ಲಿಪೇಟೆಯಿಂದ ನಮ್ಮ ದೊಡ್ಡಮ್ಮ ಫೋನ್ ಮಾಡಿ, ಶಿವಶಂಕರಪ್ಪ ಯಾವ ದೇವರಿಗೆ ಹೇಳಿಕೊಂಡರು ಅಂತ ಕೇಳಿ ನಮಗೂ ತಿಳಿಸು ಎಂದರು.

ಇಷ್ಟೂ ನಡೆದು ಹಾಗೇ ತಣ್ಣಗಾಗುತ್ತಿತ್ತೋ ಏನೋ. ಆದರೆ ಪಂಚಾಯಿತಿಯ ಪಿಡಿಒ ಚಂದನಾ ಮೇಡಂ ಚುರುಕಿನ ಹೆಣ್ಣುಮಗಳು. ನಮ್ಮ ರಸ್ತೆಗೆ ಬರಬೇಕಾಗಿದ್ದ ಕುಡಿಯುವ ನೀರಿನ ಟ್ಯಾಂಕರನ್ನು, ಅಲ್ಲಿ ಎಂಬತ್ತು ಸೆಂಟ್ ಮಳೆಯಾಗಿದೆ, ಬಾವಿಗಳಿಗೆ ನೀರು ಬಂದಿರುತ್ತದೆ ಎಂದು ಬೇರೆ ರಸ್ತೆಗೆ ಕಳಿಸಿಬಿಟ್ಟರು.

ಕೊನೆಯ ಮನೆಯ ನಿಂಗಮ್ಮ ಖಾಲಿ ಕೊಡಗಳ ಸಾಲನ್ನು ನೋಡಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ಹೆಂಗಸರನ್ನು ಕಟ್ಟಿಕೊಂಡು ಪಂಚಾಯಿತಿಗೆ ಹೋದಳು.

"ಮಳೆ ಎಲ್ಲೈತೆ ಮೇಡಂ? ನಮ್ಮ ಬಾವೀಲಿ ಕಪ್ಪೆ ಸತ್ತು ಒಣಗಿ ಬಿದ್ದೈತೆ."

"ರೈಟರ್ ಅವರೇ ಅಳೆದು ಹೇಳಿದ್ದಾರಲ್ಲ ಅಮ್ಮ."

"ಅಂಗಾದ್ರೆ ಅವರ ಮನೆ ಮಳೇನ ಅವರೇ ಕುಡೀಲಿ. ನಮ್ಗೆ ಟ್ಯಾಂಕರ್ ಕೊಡಿ."

ಮೇಡಂ ಸಂಬಂಧಪಟ್ಟ ಇಲಾಖೆಗೆ ಫೋನ್ ಮಾಡಿದರು. ಇಲಾಖೆಯಿಂದ ತೀರ್ಥಪ್ರಸಾದ್ ಎಂಬ ಅಧಿಕಾರಿ ಬಂದರು. ಸಂಜೆ ಹೊತ್ತಿಗೆ ಭಾವನ ಗೇಟಿನ ಮುಂದೆ ಮೇಡಂ, ಅಧಿಕಾರಿ, ವಾಟರ್‌ಮ್ಯಾನ್ ಚಿಕ್ಕ, ಕೊಡ ಹಿಡಿದ ನಿಂಗಮ್ಮನ ಸೈನ್ಯ, ಮೋಡ ಕಾದು ಕಾದು ಕಣ್ಣು ಕೆಂಪಗಾಗಿದ್ದ ನಾಗಾರ್ಜುನ, ಎಲ್ಲರೂ ಸೇರಿದ್ದರು.

ತೀರ್ಥಪ್ರಸಾದ್ ಮೆತ್ತಗೆ ಮಾತಾಡುವ ಮನುಷ್ಯ. "ಸರ್, ನಮ್ಮ ಮಳೆಮಾಪನ ಯಂತ್ರ ಇಲ್ಲಿಂದ ಒಂದು ಕಿಲೋಮೀಟರ್ ದೂರದಲ್ಲಿ ಇದೆ. ಅದರಲ್ಲಿ ಸೊನ್ನೆ ತೋರಿಸ್ತಾ ಉಂಟು. ನಿಮ್ಮಲ್ಲಿ ಮಾತ್ರ ಎಂಬತ್ತು ಹೇಗೆ?"

"ನಿಮ್ಮ ಯಂತ್ರ ಕೆಟ್ಟಿರಬೇಕು."

"ಹೊಸದು ಸರ್."

"ಹೊಸದೇ ಕೆಡೋದು. ನನ್ನದು ಇಪ್ಪತ್ತು ವರ್ಷದ್ದು, ಕೆಡೋ ಕಾಲ ದಾಟಿದೆ. ನಮ್ಮ ಕೊಡಗಿನ ಮಳೆ ನಿಮಗೆ ಗೊತ್ತಿಲ್ವಾ? ರಸ್ತೆ ಈಚೆ ಬಂದ್ರೆ ಆಚೆ ಬರಲ್ಲ."

"ಕಾಂಪೌಂಡಿನ ಒಳಗೆ ಬಂದು ಹೊರಗೆ ಬಾರದ ಮಳೆ ನಾನು ನೋಡಿಲ್ಲ ಸರ್."

"ನೀವು ಇನ್ನೂ ಚಿಕ್ಕ ವಯಸ್ಸಿನವರು, ನೋಡ್ತೀರಿ."

ಭಾವ ಬಾಗುವ ಲಕ್ಷಣ ಕಾಣಲಿಲ್ಲ. ಆದರೆ ಅಷ್ಟು ಹೊತ್ತಿಗೆ ಚಿಕ್ಕನು ಕತ್ತು ಎತ್ತಿ ಗಿಡವನ್ನೇ ನೋಡುತ್ತಿದ್ದ. ಅವನು ನೋಡುತ್ತಿರುವುದನ್ನು ನಿಂಗಮ್ಮ ನೋಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕತ್ತು ಎತ್ತಿದರು. ಹಸಿರು ಪೈಪು ಮುಳ್ಳಿನ ನಡುವೆ ಸುತ್ತಿಕೊಂಡು, ಅದರ ಬಾಯಿ ಶೀಟಿನ ತುದಿಯಿಂದ ಆಚೆ ನೇತಾಡುತ್ತಿತ್ತು. ಅದರಿಂದ ಇನ್ನೂ ಒಂದೊಂದು ಹನಿ ಬೀಳುತ್ತಿತ್ತು.

"ಅದು ಬಟ್ಟೆ ಒಣಗಿಸೋಕೆ ಕಟ್ಟಿದ್ದು" ಎಂದಳು ಅಕ್ಕ. ಗಂಡನನ್ನು ಒಳಗೆ ಎಷ್ಟು ಬೈದರೂ ಗೇಟಿನ ಹೊರಗಿನವರ ಎದುರು ಬಿಟ್ಟುಕೊಡುವ ಹೆಂಗಸಲ್ಲ ಅವಳು. ಆದರೆ ಆ ಮುಳ್ಳಿನಲ್ಲಿ ಬಟ್ಟೆ ಒಣಗಿಸುವವರು ಯಾರೂ ಇಲ್ಲ ಎಂದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿತ್ತು.

"ರೈಟ್ರೇ," ಎಂದ ನಾಗಾರ್ಜುನ, ನಿಧಾನವಾಗಿ. "ನಿಮ್ಮ ಮಾತು ನಂಬಿ ನಾನು ಸ್ಪ್ರಿಂಕ್ಲರ್ ಬಿಚ್ಚಿಸಿದೀನಿ. ಬೇರೆ ಯಾರು ಹೇಳಿದ್ರೂ ಬಿಚ್ತಾ ಇರ್ಲಿಲ್ಲ. ನಿಜ ಹೇಳಿ."

ಭಾವ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಎದೆ ಮುಂದೆ ಮಾಡಿದರು.

"ಹೌದು. ನಾನೇ ಸುರಿಸಿದ್ದು. ನನ್ನ ಗಿಡಕ್ಕೆ ಹೂಮಳೆ ಕೊಟ್ಟೆ. ನಿಮ್ಮ ತೋಟಕ್ಕೆ ನೀವು ಕೆರೆ ಬತ್ತೋ ತನಕ ಪಂಪ್ ಹಾಕಿ ಹೂಮಳೆ ಕೊಡಬಹುದು, ಅದು ಕೃಷಿ. ನಾನು ಒಂದು ಗಿಡಕ್ಕೆ ಕೊಟ್ರೆ ಅಪರಾಧ. ಎಷ್ಟು ಸೆಂಟ್ ಅಂತ ಕೇಳಿದ್ರಿ, ಎಂಬತ್ತು ಅಂದೆ. ಬೇಕಾದ್ರೆ ಈಗ್ಲೂ ಡಬ್ಬಿ ನೋಡಿ, ಒಂದು ಸೆಂಟ್ ಹೆಚ್ಚು ಹೇಳಿದ್ರೆ ನನ್ನ ಕೇಳಿ."

"ನೀರು ಎಲ್ಲಿಂದು ಅಂತ ಹೇಳ್ಲಿಲ್ವಲ್ಲ" ಎಂದ ನಾಗಾರ್ಜುನ.

ಭಾವ ತಲೆ ತಗ್ಗಿಸಲಿಲ್ಲ, ಗೇಟಿನ ಕಂಬದ ಹಾಗೆ ನಿಂತಿದ್ದರು. ಅವರ ಕಿವಿ ಮಾತ್ರ ಕೆಂಪಗಾಗಿತ್ತು.

ಚಂದನಾ ಮೇಡಂ ಅಲ್ಲೇ ಆದೇಶ ಕೊಟ್ಟರು. ನಲ್ಲಿ ಸಂಪರ್ಕ ಕಡಿತ. ಪೈಪು ಜಪ್ತಿ. ಕಡಿತ ಸುಲಭವಾಗಿ ಆಯಿತು, ಜಪ್ತಿ ಆಗಲಿಲ್ಲ. ಮುಳ್ಳು ಪೈಪನ್ನು ಬಿಡಲೊಲ್ಲದು. ಚಿಕ್ಕ ಎಳೆದ, ಕೈ ಗೀರಿಕೊಂಡ, ಮತ್ತೆ ಎಳೆದ. ಕೊನೆಗೆ ಕತ್ತಿ ತರಿಸಿ ಏಣಿ ಹತ್ತಿ, ಪೈಪಿಗೆ ಅಡ್ಡ ಬಂದ ಕೊಂಬೆಗಳನ್ನೆಲ್ಲ ಕಡಿಯತೊಡಗಿದ. ಪೈಪು ಇಡೀ ಗಿಡವನ್ನು ಸುತ್ತಿತ್ತು, ಹಾಗಾಗಿ ಇಡೀ ಗಿಡವೇ ಅಡ್ಡ ಬಂತು. ಭಾವ ಕೆಳಗೆ ನಿಂತು, "ಅದು ಕಸಿ ಅಲ್ಲಯ್ಯ, ಕೊಲೆ. ಗಂಟಿನ ಮೇಲೆ ಕಡಿ. ಕತ್ತಿ ಓರೆ ಹಿಡಿ" ಎಂದು ಆಗಲೂ ರೈಟರ್ ಕೆಲಸ ಮಾಡುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಪೈಪು ಕೆಳಗೆ ಬಂತು. ಗಿಡದಲ್ಲಿ ಆಳೆತ್ತರದ ನಾಲ್ಕು ಬೋಳು ಕೊಂಬೆ ಉಳಿದಿದ್ದವು.

ಹೋಗುವಾಗ ನಾಗಾರ್ಜುನ ಗೇಟಿನಲ್ಲಿ ನಿಂತ. "ಬರ್ತೀನಿ, ಶಿವಶಂಕರಪ್ಪನೋರೇ" ಎಂದ. ಆ ಹೆಸರನ್ನು ಅವನು ಒತ್ತಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮಾರನೆಯ ದಿನದಿಂದ ಊರಿನಲ್ಲಿ ಯಾರೂ ಅವರನ್ನು ರೈಟರ್ ಅನ್ನಲಿಲ್ಲ. ಕೆಲವರು ಪೈಪ್ ಶಂಕರಪ್ಪ ಅಂದರು. ಹಾಲಿನ ಡೈರಿಯಲ್ಲಿ ಒಬ್ಬ, "ಇವತ್ತು ಸಾಯಂಕಾಲ ಎಷ್ಟು ಸೆಂಟ್ ಬಿಡ್ತೀರಿ ಯಜಮಾನ್ರೇ?" ಎಂದು ಕೇಳಿದ. ಬೇರೆಯವರಾಗಿದ್ದರೆ ನಾಲ್ಕು ದಿನ ಮನೆಯಲ್ಲಿ ಕೂರುತ್ತಿದ್ದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎರಡೂ ಕೈಯಲ್ಲಿ ಕೊಡ ಹಿಡಿದು, ಟ್ಯಾಂಕರಿನ ಸಾಲಿನಲ್ಲಿ ನಿಂಗಮ್ಮನ ಹಿಂದೆ ಹೋಗಿ ನಿಂತರು.

"ಏನ್ ಸ್ವಾಮಿ, ನಿಮ್ ಮನೆ ಮಳೆ ಮುಗೀತಾ?"

"ಮುಗೀತಮ್ಮ. ಸ್ವಲ್ಪ ಮುಂದೆ ಸರೀರಿ."

ಕ್ಷಮೆ ಕೇಳಲಿಲ್ಲ, ಜಗಳವೂ ಆಡಲಿಲ್ಲ. ದಿನವೂ ಬಂದರು, ದಿನವೂ ಅದೇ ಇಸ್ತ್ರಿಯ ಅಂಗಿ. ಹೊತ್ತು ತಂದ ನೀರು ಅಡುಗೆಗೆ ಸ್ನಾನಕ್ಕೆ ಸರಿಹೋಗುತ್ತಿತ್ತು. ಗಿಡದ ಬುಡಕ್ಕೆ ಒಂದು ಲೋಟವೂ ಬೀಳುತ್ತಿರಲಿಲ್ಲ, ಅಕ್ಕ ಬೀಳುವುದಕ್ಕೆ ಬಿಡುತ್ತ ಇರಲಿಲ್ಲ. ಸಂಜೆ ಭಾವ ಆ ನಾಲ್ಕು ಬೋಳು ಕೊಂಬೆಯ ಎದುರು ಕುರ್ಚಿ ಹಾಕಿ ಕೂರುತ್ತಿದ್ದರು. ಒಂದು ದಿನ ನಾನು ಹತ್ತಿರ ಹೋದೆ. "ಇದು ಹೂ ಬಿಡದೆ ಇದ್ರೂ ನನಗೆ ಬೇಜಾರಿಲ್ಲ ಕಣಯ್ಯ," ಎಂದರು, ಗಿಡದ ಕಡೆಯೇ ನೋಡುತ್ತಾ. "ಇನ್ನು ಮಳೆ ಬಂದ್ರೆ ನನ್ನನ್ನ ಎಷ್ಟು ಸೆಂಟ್ ಅಂತ ಯಾರು ಕೇಳ್ತಾರೆ, ಅದೊಂದೇ."

ಮಳೆ ಬರಲಿಲ್ಲ. ಏಪ್ರಿಲ್ ಬಂತು. ಬಿಸಿಲು ಬಿದ್ದು ಭಾವನ ಅಂಗಳ ಬಿರುಕು ಬಿಟ್ಟಿತು.

ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಕೂಗಿ ಕರೆದಳು. ಬೋಳು ಕೊಂಬೆಗಳಲ್ಲಿ ಚಿಗುರು ಬಂದದ್ದು ನಾನು ನೋಡಿದ್ದೆ. ಅದರ ತುದಿಯಲ್ಲೆಲ್ಲ ಬಣ್ಣ ಹತ್ತಿತ್ತು. ಆಮೇಲೆ ಅದು ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಆ ನಾಲ್ಕು ಕೊಂಬೆಯೂ ಗೇಟಿನ ಕಂಬವೂ ಕಾಣದ ಹಾಗೆ ನೇರಳೆ ಕೆಂಪಿನ ಹೂವು ಬಿಟ್ಟು ಕೂತಿತು. ಶನಿವಾರಸಂತೆಯ ಬಸ್ಸು ತಿರುವಿನಲ್ಲಿ ನಿಧಾನ ಮಾಡತೊಡಗಿತು. ಮದುವೆ ನಿಶ್ಚಯವಾದ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಬಂದರು. ನನ್ನ ಬಕೆಟ್ಟಿನ ಗಿಡವನ್ನು ಯಾರೂ ನೋಡಲಿಲ್ಲ, ಅದಿರಲಿ.

ಹೂವು ಬಿಟ್ಟದ್ದೇ ತಡ, ಅದಕ್ಕೆ ಅಪ್ಪಂದಿರು ಹುಟ್ಟಿಕೊಂಡರು. ಕತ್ತಿ ಹಾಕಿದ್ದು ನಾನು ಎಂದ ಚಿಕ್ಕ. ಚಂದನಾ ಮೇಡಂ ಯಾರನ್ನೋ ವಿಚಾರಿಸಿ ತಿಳಿದುಕೊಂಡು ಬಂದು, "ಕಾಗದದ ಹೂವಿಗೆ ನೀರು ಕಡಿಮೆ ಆಗಬೇಕು, ಕೊಂಬೆ ಚೆನ್ನಾಗಿ ಕಡಿಯಬೇಕು. ಎರಡನ್ನೂ ಪಂಚಾಯಿತಿಯೇ ಮಾಡಿದೆ" ಎಂದು ಗೇಟಿನಲ್ಲಿ ಫೋಟೋ ತೆಗೆಸಿಕೊಂಡರು. ನೀರು ಉಳಿಸಿ ಎಂಬ ಬೋರ್ಡಿಗೆ ಆ ಫೋಟೋ ಹಾಕುತ್ತಾರಂತೆ.

"ಅವರು ಹೇಳೋದು ಸರಿ" ಎಂದ ನಾಗಾರ್ಜುನ, ಎಲ್ಲರೆದುರು. "ನೀವು ನೀರು ಹಾಕಿದಷ್ಟು ದಿನ ಇದು ಹೂ ಬಿಡಲಿಲ್ಲ. ಈಗಲಾದ್ರೂ ಒಪ್ಕೊಳ್ಳಿ ಶಿವಶಂಕರಪ್ಪನೋರೇ, ನಿಮ್ಮ ಹೂಮಳೆ ಲೆಕ್ಕ ತಪ್ಪು."

"ಹೂಮಳೆ ಕೊಟ್ಟೆನೋ ಇಲ್ವೋ?"

"ಕೊಟ್ರಿ."

"ಆಮೇಲೆ ಹೂ ಬಿಡ್ತೋ ಇಲ್ವೋ?"

"ಬಿಡ್ತು. ಆದ್ರೆ—"

"ಆದ್ರೆ ಇಲ್ಲ. ಕಾಫಿಗೂ ಹಂಗೇ, ಮೊದಲು ಮಳೆ, ಆಮೇಲೆ ಹೂವು. ನಾನು ಹೇಳಿದ ವರ್ಷದಲ್ಲೇ ಬಿಟ್ಟಿದೆ."

ನಾಗಾರ್ಜುನ ತುಟಿ ಬಿಗಿ ಹಿಡಿದು, ರೈಟರ್ ಎಂಬ ಮಾತು ಮಾತ್ರ ಬಾಯಿಂದ ಬರದ ಹಾಗೆ ನೋಡಿಕೊಂಡು ಹೊರಟುಹೋದ. ಅವನ ಸಿಟ್ಟು ನ್ಯಾಯವಾದದ್ದೇ. ಮತ್ತೆ ಸ್ಪ್ರಿಂಕ್ಲರ್ ಜೋಡಿಸುವಷ್ಟರಲ್ಲಿ ಅವನ ಕೆರೆಯ ನೀರು ತಳ ಕಂಡಿತ್ತು. ಅರ್ಧ ತೋಟದಲ್ಲಿ ಮೊಗ್ಗು ಹಾಗೇ ನಿಂತಿತ್ತು.

ಮೇಡಂ ನಲ್ಲಿ ಸಂಪರ್ಕ ಮತ್ತೆ ಕೊಡುವುದಾಗಿ ಹೇಳಿ ಚಿಕ್ಕನನ್ನು ಕಳಿಸಿದರು. ಭಾವ ಗೇಟಿಗೆ ಅಡ್ಡ ನಿಂತರು. "ನನ್ನ ಎಸ್ಟೇಟಿಗೆ ನೀರು ಬೇಡ. ಒಂದು ಹನಿ ಬೇಡ. ಪೈಪ್ ತಗೊಂಡು ವಾಪಸ್ ಹೋಗು."

ಒಳಗಿನಿಂದ ಅಕ್ಕ ಬಂದಳು. "ನಿಮ್ಮ ಎಸ್ಟೇಟಿಗೆ ಬೇಡ ಸರಿ. ನನ್ನ ಅಡುಗೆಮನೆಗೆ ಬೇಕು. ಚಿಕ್ಕ, ನೀನು ಜೋಡಿಸು." ಜೋಡಣೆ ಆಯಿತು. ಭಾವ ಮುಂಬಾಗಿಲಿನಲ್ಲಿ ಕುರ್ಚಿ ಹಾಕಿ ಕಾವಲು ಕೂತರು. ಪಾತ್ರೆ ತೊಳೆದ ನೀರು ಆ ಕಡೆ ಚೆಲ್ಲಿದರೂ ಗದರುತ್ತಿದ್ದರು. ಫೋಟೋಗೆ ಬಂದ ಹುಡುಗಿಯೊಬ್ಬಳು ಬಾಟಲಿಯಿಂದ ಮುಖ ತೊಳೆಯಲು ಹೋಗಿ ಬೈಸಿಕೊಂಡು ಹೋದಳು.

ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪುಷ್ಪಗಿರಿಯ ಕಡೆ ಕಪ್ಪಾಯಿತು. ಗುಡುಗಿತು. ಮೊದಲ ಹನಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಿತ್ತು, ಎರಡನೆಯದು ನಿಂಗಮ್ಮನ ಕೊಡದ ಮೇಲೆ ಸದ್ದು ಮಾಡಿತು, ಆಮೇಲೆ ಲೆಕ್ಕ ಇಡುವುದಕ್ಕೆ ಆಗದ ಹಾಗೆ ಸುರಿಯಿತು. ಊರಿಗೆ ಊರೇ ಬೀದಿಗೆ ಬಂತು. ನಿಂಗಮ್ಮ ಕೊಡಗಳನ್ನೆಲ್ಲ ಸೂರಿನ ಕೆಳಗೆ ಇಟ್ಟು, ತಾನು ಮಾತ್ರ ಸೂರು ಬಿಟ್ಟು ಮಳೆಯಲ್ಲಿ ನಿಂತಳು. ಪೂವಯ್ಯನವರು ಅಂಚೆ ಕಚೇರಿ ಬಾಗಿಲು ತೆರೆದಿಟ್ಟೇ ಬಂದು ಕೈ ಚಾಚಿ ನಿಂತರು.

ಭಾವ ಒಬ್ಬರೇ ಮಳೆಗೆ ಬೈಯುತ್ತ ಓಡಿ ಬಂದರು. ನನ್ನ ಗೊಬ್ಬರದ ಮೂಟೆಗಳ ಮೇಲೆ ಹೊದಿಸಿದ್ದ ಟಾರ್ಪಾಲನ್ನು ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕಿತ್ತುಕೊಂಡು, ಏಣಿ ಹತ್ತಿ, ಹೂವಿನ ಮೇಲೆ ಹೊದಿಸಲು ನೋಡಿದರು. ಗಾಳಿ ಒಂದು ಕಡೆ ಎಳೆಯಿತು, ಮುಳ್ಳು ಇನ್ನೊಂದು ಕಡೆ. "ಬೇಕು ಅಂದಾಗ ಬರ್ಲಿಲ್ಲ. ಈಗ ಯಾರು ಕರೆದ್ರು ನಿನ್ನನ್ನ?" ಎಂದು ಆಕಾಶಕ್ಕೆ ಗದರಿದರು. ಹೂವು ಉದುರಿ ಅವರ ಬೊಕ್ಕತಲೆಗೆ ಅಂಟಿಕೊಳ್ಳುತ್ತಿತ್ತು. ಅಕ್ಕ ಕೆಳಗಿನಿಂದ, ಇಳಿಯಿರಿ, ಬಿದ್ದು ಸಾಯ್ತೀರಿ ಎಂದು ಕೂಗುತ್ತಿದ್ದಳು. ಅವರು ಇಳಿಯಲಿಲ್ಲ.

ತಿರುವಿನಿಂದ ಜೀಪು ಬಂತು. ನಾಗಾರ್ಜುನ ಒದ್ದೆಯಾಗಿ, ತಲೆಯಿಂದ ನೀರು ಇಳಿಯುತ್ತಾ, ತೋಟದಿಂದ ಬರುತ್ತಿದ್ದ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟ. ಉಳಿದಿದ್ದ ಮೊಗ್ಗಿಗೆ ಮಳೆ ಬಿದ್ದಿತ್ತು. ಜೀಪಿನಿಂದಲೇ ಭಾವನನ್ನು ನೋಡಿದ. ಟಾರ್ಪಾಲು ಗಾಳಿಗೆ ಎದ್ದು ಭಾವನನ್ನೂ ಎತ್ತಿಕೊಂಡು ಹೋಗುವ ಹಾಗಿತ್ತು. ಅವನು ಜೀಪು ನಿಲ್ಲಿಸಿ ಇಳಿದು, ಕಾಂಪೌಂಡಿನ ಮೇಲಿಂದ ಶೆಡ್ಡಿಗೆ ಹತ್ತಿ ಟಾರ್ಪಾಲಿನ ಇನ್ನೊಂದು ತುದಿ ಹಿಡಿದುಕೊಂಡ.

"ರೈಟ್ರೇ, ನೀವು ಆ ಕಡೆ ಎಳೀರಿ, ನಾನು ಇಲ್ಲಿ ಕಟ್ತೀನಿ."

ಭಾವನ ಕೈ ಒಂದು ಕ್ಷಣ ನಿಂತಿತು. ಕನ್ನಡಕದ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಾನು ಏನು ಕರೆದೆ ಎಂಬುದು ನಾಗಾರ್ಜುನನ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ, ಅವನು ಗಂಟು ಹಾಕುವುದರಲ್ಲಿದ್ದ.

"ಮುಳ್ಳಿದೆ, ಕೈ ಜೋಪಾನ ಕಣಪ್ಪ" ಎಂದರು ಭಾವ. ಆಮೇಲೆ ಟಾರ್ಪಾಲಿನ ತುದಿಯನ್ನು ಗಟ್ಟಿಯಾಗಿ ಎಳೆದು ಹಿಡಿದು, ಮತ್ತೆ ಆಕಾಶದ ಕಡೆ ತಿರುಗಿ ಬೈಯುವುದನ್ನು ಮುಂದುವರಿಸಿದರು.